ಏಣಿಯ ಕೆಳಗೆ ನಿಂತ ಪದ

ಜನವರಿ ೯

ಮೆಣಸು,

ನನ್ನ ಕೈಬರಹ ನೋಡಿ ನಿನಗೆ ಆಶ್ಚರ್ಯವಾಗಿರಬಹುದು. ಎರಡು ವರ್ಷದಿಂದ ನೀನು ಫೋನ್ ಮಾಡಿದಾಗಲೆಲ್ಲ ಅದನ್ನು ನಿಮ್ಮಮ್ಮನ ಕೈಗೆ ದಾಟಿಸಿ ಎದ್ದು ಹೋಗುತ್ತಿದ್ದವನು ನಾನು. ಈಗ ರಾಜಿಗೆ ಬಂದಿದ್ದೇನೆಂದು ತಿಳಿಯಬೇಡ. ಇದು ಆಫೀಸಿನ ಕೆಲಸ.

ಶಾಲೆಯಿಂದ ನಿವೃತ್ತನಾದ ಮೇಲೆ ನಿಘಂಟಿನ ಕಚೇರಿ ಸೇರಿದ್ದು ನಿನಗೆ ಗೊತ್ತೇ ಇದೆ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆಯುವ ಕೆಲಸ. ಒಂದು ಕೋಣೆ, ಮೂರು ಮೇಜು, ಗೋಡೆಯುದ್ದಕ್ಕೂ ಚೀಟಿ ತುಂಬಿದ ಡಬ್ಬಿಗಳು. ಒಂದು ಪದಕ್ಕೆ ಒಂದು ಚೀಟಿ. ಅದರಲ್ಲಿ ಅರ್ಥ, ಅರ್ಥದ ಕೆಳಗೆ ಒಂದು ಉದಾಹರಣೆ ವಾಕ್ಯ. ಆ ವಾಕ್ಯವನ್ನು ನಾವು ಮೇಜಿನ ಮುಂದೆ ಕೂತು ಹೊಸೆಯುವಂತಿಲ್ಲ. ಯಾರಾದರೂ ತಮ್ಮ ಅನುಭವದಿಂದ ಆಡಿದ ಮಾತೇ ಆಗಬೇಕು. ಇದು ನಮ್ಮ ಸಂಪಾದಕಿಯ ಕಟ್ಟಪ್ಪಣೆ.

ಈಗ ನನ್ನ ಕೊರಳಿಗೆ ಬಿದ್ದಿರುವುದು 'ಡಾಂಟಿಂಗ್' ಎಂಬ ಪದ. ಮೊದಲು 'ಭಯಂಕರ' ಎಂದು ಬರೆದೆ. ಸಂಪಾದಕಿ ಹೊಡೆದುಹಾಕಿದರು. "ಮೇಷ್ಟ್ರೇ, ನಿನ್ನೆ ಟೀ ಭಯಂಕರ ಚೆನ್ನಾಗಿದೆ ಅಂದವರು ನೀವೇ ಅಲ್ವಾ?" ಎಂದರು. 'ಬೆದರಿಸುವ' ಎಂದು ಬರೆದೆ. "ಬೆದರಿಸೋನು ರೌಡಿ. ಇದು ಬಾಯೇ ಬಿಡಲ್ಲ, ತನ್ನ ಪಾಡಿಗೆ ನಿಂತಿರುತ್ತೆ. ನಮಗೆ ಮಾತ್ರ ಕೈಕಾಲು ಆಡಲ್ಲ," ಎಂದರು. ಅಂತೂ 'ಎದೆಗುಂದಿಸುವ' ಎಂಬುದು ಉಳಿಯಿತು. ವಾಕ್ಯ ಇನ್ನೂ ಸಿಕ್ಕಿಲ್ಲ.

ನೀನು ದಿನವೂ ಬಂದರಿನಲ್ಲಿ ಆಕಾಶದೆತ್ತರದ ಕ್ರೇನ್ ಹತ್ತುವವಳು. ಮೊದಲ ದಿನ ಆ ಏಣಿಯ ಕೆಳಗೆ ನಿಂತಾಗ ಏನನ್ನಿಸಿತು? ಒಂದು ವಾಕ್ಯ ಬರೆದು ಕಳಿಸು. ಹೆಸರು ಹಾಕುವುದಿಲ್ಲ. ವಾಕ್ಯದ ಪಕ್ಕದಲ್ಲಿ ಕಸುಬು ಮಾತ್ರ ಅಚ್ಚಾಗುತ್ತದೆ.

ಇತಿ,
ನಿನ್ನ ಅಪ್ಪ


ಜನವರಿ ೨೩

ಅಪ್ಪ,

ಆಫೀಸಿನ ಪತ್ರದಲ್ಲಿ 'ಮೆಣಸು' ಎಂದು ಕರೆಯುವ ಕಚೇರಿ ಲೋಕದಲ್ಲಿ ಇದೊಂದೇ ಇರಬೇಕು. ಪತ್ರ ಕೈಗೆ ಬಂದಾಗ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ನಿಂತಲ್ಲೇ ಹರಿದು ಓದಿದೆ. ಇನ್ನು ಮೇಲೆ ಲಕೋಟೆಯ ಹೊರಗೇ 'ಎಲ್ಲರೂ ಕ್ಷೇಮ' ಎಂದು ಬರೆದುಬಿಡಿ.

ಕಾಗೆಯ ಹಾಗೆ ಮೇಲೆ ಕೂತು ಬದುಕುವುದಕ್ಕಾ ನಿನ್ನನ್ನು ಓದಿಸಿದ್ದು ಎಂದು ಕೇಳಿದವರು ನೀವು. ಈಗ ಕಾಗೆಯ ಅನುಭವ ಬೇಕಾಯಿತೇ? ಇರಲಿ. ನಿಮ್ಮ ಪದಕ್ಕೆ ಬೇಕಾದಷ್ಟು ಉದಾಹರಣೆ ಕೊಡುತ್ತೇನೆ. ನಮ್ಮ ಕ್ಯಾಂಟೀನಿನ ಬಾಗಿಲಿಗೆ ಅಡ್ಡ ಮಲಗುವ ಕರಿ ನಾಯಿ ಡಾಂಟಿಂಗ್. ಫೋರ್‌ಮನ್ ಹುಬ್ಬು ಗಂಟಿಕ್ಕಿದರೆ ಅದೂ ಡಾಂಟಿಂಗ್. ಮನುಷ್ಯ ಒಳ್ಳೆಯವನೇ, ಆದರೆ ಅವನ ಹುಬ್ಬುಗಳಿಗೆ ಬೇರೆಯದೇ ಸಂಬಳವಿದೆಯೇನೋ ಎನ್ನಿಸುತ್ತದೆ.

ಏಣಿಯ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಹಳೆಯ ಕ್ರೇನ್, ಲಿಫ್ಟ್ ಇಲ್ಲ. ಕಬ್ಬಿಣದ ನೂರ ನಲವತ್ತೆಂಟು ಮೆಟ್ಟಿಲು.

ನಿಮ್ಮ,
ಮಗಳು


ಫೆಬ್ರವರಿ ೪

ಮೆಣಸು,

ನಾಯಿಯೂ ನಡೆಯುವುದಿಲ್ಲ, ಹುಬ್ಬೂ ನಡೆಯುವುದಿಲ್ಲ. ಎರಡನ್ನೂ ಸಂಪಾದಕಿಗೆ ತೋರಿಸಿದೆ, ನಕ್ಕು ವಾಪಸು ಕೊಟ್ಟರು. ಕಾರಣ ಬರೆಯುತ್ತೇನೆ, ಕೇಳು.

ನಾಯಿ ಕಂಡರೆ ಇನ್ನೊಂದು ಬಾಗಿಲಿನಿಂದ ಹೋಗಬಹುದು. ಫೋರ್‌ಮನ್ ಕಂಡರೆ ತಲೆ ತಗ್ಗಿಸಿ ದಾಟಬಹುದು. ಅವು ಹೆದರಿಕೆಯ ಸಂಗತಿಗಳು, ಹೆದರಿಕೆಗೆ ಕಾಲಿಗೆ ಬುದ್ಧಿ ಹೇಳುವುದೇ ಮದ್ದು. ಇಂಗ್ಲಿಷಿನವರು ಡಾಂಟಿಂಗ್ ಎಂಬುದನ್ನು ಹೆಚ್ಚಾಗಿ ಕೆಲಸಗಳ ಜೊತೆ ಇಟ್ಟು ಆಡುತ್ತಾರೆ. ಒಂದು ಪರೀಕ್ಷೆ, ಒಂದು ದೊಡ್ಡ ಜವಾಬ್ದಾರಿ, ಮೇಜಿನ ಮೇಲೆ ರಾಶಿ ಬಿದ್ದ ಕಾಗದ, ಮುಂದೆ ನಿಂತ ಕಡಿದಾದ ಹಾದಿ. ಅದನ್ನು ಮಾಡಲೇಬೇಕು. ಮಾಡಬೇಕಾದವರು ನಾವೇ. ನೋಡಿದೊಡನೆ ನಾವು ಗಿಡ್ಡವಾದಂತೆ ಅನ್ನಿಸುತ್ತದೆ. ಮಾಡಲು ತೊಡಗಿದ ಮೇಲೆ ಆ ಪದ ಸ್ವಲ್ಪಸ್ವಲ್ಪವೇ ಸವೆಯುತ್ತದೆ. ಮುಗಿಸಿದ ಮೇಲೆ ಅದು ಅಲ್ಲಿತ್ತೆಂದು ನಂಬುವುದೇ ಕಷ್ಟ.

ಪದದ ಬೇರು ಹುಡುಕಿದೆ. ಹಿಂದೆ ಎಲ್ಲೋ ಅದಕ್ಕೆ ಪ್ರಾಣಿಯನ್ನು ಪಳಗಿಸುವುದು ಎಂಬ ಅರ್ಥವಿತ್ತಂತೆ. ನನಗೆ ಅದು ಹಿಡಿಸಿತು. ಎದುರಿಗಿರುವುದು ನಮ್ಮನ್ನು ಪಳಗಿಸಿ ಮೂಲೆಯಲ್ಲಿ ಕೂರಿಸಲು ನೋಡುತ್ತದೆ.

ಇನ್ನೊಂದು ಮಾತು. ನಾಯಿಯ ಬಗ್ಗೆ ಅಷ್ಟುದ್ದ ಬರೆದವಳು ಏಣಿಯ ಬಗ್ಗೆ ಎರಡೇ ಸಾಲು ಬರೆದಿದ್ದೀಯ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ನಾನು. ಯಾವ ಪ್ರಶ್ನೆಗೆ ಉತ್ತರ ಚಿಕ್ಕದಾಗುತ್ತದೆಂಬುದು ನನಗೆ ತಿಳಿಯುತ್ತದೆ. ಏನಾದರೂ ಆಗಿದೆಯೇ?

ಇತಿ,
ನಿನ್ನ ಅಪ್ಪ


ಫೆಬ್ರವರಿ ೨೭

ಅಪ್ಪ,

ನಿಮ್ಮ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆ ಡಬ್ಬಿಗೆ ಹಾಕಿಬಿಡುತ್ತೇನೆ.

ನವೆಂಬರ್ ಹನ್ನೊಂದರಿಂದ ನಾನು ಕ್ರೇನ್ ಹತ್ತಿಲ್ಲ. ಅವತ್ತು ಗಾಳಿ ಇತ್ತು. ಹಡಗಿನಿಂದ ಎತ್ತಿದ ಕಬ್ಬಿಣದ ಪೆಟ್ಟಿಗೆಯನ್ನು ಹಡಗುಕಟ್ಟೆಗೆ ಇಳಿಸುತ್ತಿದ್ದೆ. ನನ್ನ ಕಣ್ಣಿಗೆ ಮೇಲಿನಿಂದ ಎಲ್ಲ ಕಾಣುವುದಿಲ್ಲ. ಕೆಳಗೆ ನಿಂತು ಕೈಸನ್ನೆ ಮಾಡುವವರೇ ನನ್ನ ಕಣ್ಣು. ನಾವು ಅವರನ್ನು ಸಿಗ್ನಲ್ ಅಣ್ಣ ಎನ್ನುತ್ತೇವೆ. ನನಗೆ ಕೆಲಸ ಕಲಿಸಿದವರು. ಪೆಟ್ಟಿಗೆ ತೂಗಾಡಿತು, ನಿಲ್ಲಿಸು ಎಂದು ಅವರು ಕೈ ಎತ್ತಿದರು, ನಾನು ನಿಲ್ಲಿಸುವಷ್ಟರಲ್ಲಿ ಅದರ ಮೂಲೆ ಅವರ ಎಡಗಾಲಿನ ಮೇಲೆ ಕೂತಿತ್ತು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ವಿಚಾರಣೆ ನಡೆಯಿತು. ಗಾಳಿಯ ಕಾರಣ ಎಂದು ಬರೆದು ಫೈಲು ಮುಚ್ಚಿದರು.

ಮಾರನೆಯ ದಿನ ಏಣಿಯ ಕೆಳಗೆ ಹೋದೆ. ಕಾಲು ಮೇಲೇಳಲಿಲ್ಲ. ಮಂಡಿ ನೋವು ಎಂದು ಸುಳ್ಳು ಹೇಳಿದೆ. ಅಂದಿನಿಂದ ಗೋದಾಮಿನ ಬಾಗಿಲಲ್ಲಿ ಕೂತು ಬಂದುಹೋಗುವ ಲಾರಿಗಳ ನಂಬರ್ ಬರೆದುಕೊಳ್ಳುತ್ತಿದ್ದೇನೆ. ಮೇಲೆ ಕೂತು ಇಡೀ ಬಂದರನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದವಳು ನಾನು. ಅಪ್ಪ, ನನಗೆ ಆ ಕೆಲಸ ಎಷ್ಟು ಇಷ್ಟ ಎಂದು ನಿಮಗೆ ಯಾವತ್ತೂ ಹೇಳಲೇ ಇಲ್ಲ. ನೀವು ಕೇಳಲೂ ಇಲ್ಲ.

ದಿನಾ ಊಟದ ಹೊತ್ತಿನಲ್ಲಿ ಹೋಗಿ ನಿಲ್ಲುತ್ತೇನೆ, ಯಾರೂ ನೋಡದ ಹಾಗೆ. ನಿಮಗೆ ಬೇಕಾದ ವಾಕ್ಯ ಇದೇ ಇರಬಹುದು: ಏಣಿಯ ಕೆಳಗೆ ನಿಂತು ತಲೆ ಎತ್ತಿದರೆ, ಇಷ್ಟು ದಿನ ಇದನ್ನು ಹತ್ತಿದವಳು ಬೇರೆ ಯಾರೋ ಅನ್ನಿಸುತ್ತದೆ.

ಅಮ್ಮನಿಗೆ ಹೇಳಬೇಡಿ.

ನಿಮ್ಮ,
ಮಗಳು


ಮಾರ್ಚ್ ೧೬

ಅಪ್ಪ,

ಅಮ್ಮನಿಗೆ ಹೇಳಬೇಡಿ ಎಂದೆ. ನೀವು ಅಮ್ಮನಿಗೆ ಹೇಳಲಿಲ್ಲ, ಬಂದರಿಗೇ ಹೇಳಿದಿರಿ.

ನಿಮ್ಮ ಕಚೇರಿಯಿಂದ ಕಾರ್ಡ್ ಬಂದಿದೆ. "ಕೆಳಗಿನ ವಾಕ್ಯವನ್ನು ಆಡಿದವರು ತಾವೇ ಎಂದು ಸಹಿ ಹಾಕಿ ಖಾತ್ರಿಪಡಿಸಿ" ಎಂದು ಅಚ್ಚು ಹಾಕಿದೆ. ಕೆಳಗೆ ನನ್ನ ಮಾತು, ನಿಮ್ಮ ಮುದ್ದಾದ ಅಕ್ಷರದಲ್ಲಿ. ವಿಳಾಸ 'ಕ್ರೇನ್ ಚಾಲಕಿ, ಮೂರನೇ ಕಟ್ಟೆ'. ಹೆಸರು ಹಾಕುವುದಿಲ್ಲ ಎಂದಿದ್ದಿರಿ, ಮಾತು ಉಳಿಸಿಕೊಂಡಿರಿ, ಸಂತೋಷ. ಹೆಸರಿಲ್ಲದ ಟಪಾಲನ್ನು ಇಲ್ಲಿ ಫೋರ್‌ಮನ್ ಒಡೆಯುತ್ತಾನೆ. ಮೂರನೇ ಕಟ್ಟೆಯಲ್ಲೇನು, ಇಡೀ ಬಂದರಿನಲ್ಲೇ ಕ್ರೇನ್ ಓಡಿಸುವ ಹೆಂಗಸು ನಾನೊಬ್ಬಳೇ.

ಅವನು ಕಾರ್ಡನ್ನು ಮೇಜಿನ ಮೇಲಿಟ್ಟು, "ಮಂಡಿ ನೋವು ಅಂದಿದ್ದೆ?" ಎಂದ. ಈಗ ವಿಷಯ ಸುರಕ್ಷತಾ ಅಧಿಕಾರಿಯವರೆಗೆ ಹೋಗಿದೆ. ಏಪ್ರಿಲ್ ಹತ್ತಕ್ಕೆ ಅವರ ಎದುರಿನಲ್ಲಿ ಹತ್ತಿ ಪೆಟ್ಟಿಗೆ ಎತ್ತಿ ಇಳಿಸಬೇಕು. ಆಗದಿದ್ದರೆ ನನ್ನ ಚಾಲನಾ ಪತ್ರ ವಾಪಸು ತೆಗೆದುಕೊಂಡು ಗೋದಾಮಿನ ಬಾಗಿಲಿಗೇ ಕಾಯಂ ಮಾಡುತ್ತಾರೆ.

ಇನ್ನೂ ಒಂದೆರಡು ತಿಂಗಳು ಸಿಕ್ಕಿದ್ದರೆ ನಾನಾಗಿಯೇ ಹತ್ತುತ್ತಿದ್ದೆನೇನೋ. ನೀವು ಬೇಕೆಂದು ಮಾಡಿದಿರಿ ಎನ್ನುವುದಿಲ್ಲ. ಆದರೆ ಎರಡು ವರ್ಷದಿಂದ ನಿಮಗೆ ಬೇಕಾಗಿದ್ದೂ ಇದೇ ಅಲ್ಲವೇ? ಕಾಗೆ ಕೆಳಗಿಳಿಯಿತು. ಈಗ ಸಮಾಧಾನವೇ?

ಸಹಿ ಹಾಕಿದ ಕಾರ್ಡ್ ಇದರೊಂದಿಗಿದೆ. ಉತ್ತರ ಬರೆಯಬೇಡಿ.


ಮಾರ್ಚ್ ೨೦

ಮೆಣಸು,

ಬರೆಯಬೇಡಿ ಎಂದರೂ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಓದಿ ಮುಗಿಸಿದ ಮೇಲೆ ಬೈ.

ತಪ್ಪು ನನ್ನದು. ಮಾತು ಹುಟ್ಟಿದ ಜಾಗಕ್ಕೇ ಖಾತ್ರಿಯ ಕಾರ್ಡ್ ಹೋಗಬೇಕೆಂಬುದು ನಮ್ಮ ಕಚೇರಿಯ ನಿಯಮ. ಬಡಗಿಯ ಮಾತಿಗೆ ಬಡಗಿಯ ಅಂಗಡಿಗೆ, ದಾದಿಯ ಮಾತಿಗೆ ಆಸ್ಪತ್ರೆಗೆ. ಹೆಸರಿಲ್ಲದಿದ್ದರೆ ಆಡಿದವರಿಗೆ ರಕ್ಷಣೆ ಎಂದು ಎಲ್ಲರೂ ನಂಬಿಕೊಂಡು ಬಂದಿದ್ದೇವೆ. ಬಡಗಿಗಳು ನೂರಾರು, ದಾದಿಯರು ನೂರಾರು. ನೀನು ಒಬ್ಬಳೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಾದರೆ ನಾನು ಒಮ್ಮೆಯಾದರೂ ಅಲ್ಲಿಗೆ ಬಂದು ನಿನ್ನನ್ನು ನೋಡಿರಬೇಕಿತ್ತು. ಮಗಳೆಂದು ನಿಯಮ ಸಡಿಲಿಸಬಾರದೆಂದು ಹೆಮ್ಮೆಯಿಂದ ನಾನೇ ಕೈಯಾರೆ ವಿಳಾಸ ಬರೆದೆ. ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರ ಬುದ್ಧಿ ಇಷ್ಟು.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ನಿನಗೆ ಮೊದಲ ಪತ್ರ ಬರೆಯುವಾಗಲೇ ಆ ಪದಕ್ಕೆ ವಾಕ್ಯ ಸಿಕ್ಕಿತ್ತು. ಕಚೇರಿಗೆ ಬರುವ ಒಬ್ಬ ವೈದ್ಯೆ ಕೊಟ್ಟಿದ್ದರು, ಚೆನ್ನಾಗಿಯೇ ಇತ್ತು. ನಿನಗೆ ಬರೆಯಲು ನನಗೊಂದು ನೆಪ ಬೇಕಾಗಿತ್ತು. 'ಹೇಗಿದ್ದೀಯ ಮಗಳೇ' ಎಂದು ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ನನಗೆ ಸಮಾಧಾನವೇ ಎಂದು ಕೇಳಿದ್ದೀಯ. ನಿಜ ಹೇಳುತ್ತೇನೆ. ನಿನ್ನ ಪತ್ರದಲ್ಲಿ 'ಗೋದಾಮಿನ ಬಾಗಿಲಿಗೇ ಕಾಯಂ' ಎಂಬಲ್ಲಿಗೆ ಬಂದಾಗ, ಒಂದು ಕ್ಷಣ, ನನ್ನ ಎದೆ ಹಗುರಾಯಿತು. ಮಗಳು ನೆಲದ ಮೇಲಿರುತ್ತಾಳೆ ಎಂದು. ಮರುಕ್ಷಣ ನಾಚಿಕೆಯಾಯಿತು. ನಿನಗೆ ಆ ಕೆಲಸ ಎಷ್ಟು ಇಷ್ಟ ಎಂದು ಹಿಂದಿನ ಪತ್ರದಲ್ಲಿ ಓದಿದ್ದವನು ನಾನೇ ಅಲ್ಲವೇ.

ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ಇನ್ನು ಮುಚ್ಚಿಡುವ ಯೋಗ್ಯತೆ ನನಗಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನೆಯಿಂದ ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾಳೆ, ನಾನು ಕೇಳಿಸಿಕೊಳ್ಳಬೇಕು.

ಇತಿ,
ನಿನ್ನ ಅಪ್ಪ


ಮಾರ್ಚ್ ೨೧

ಮೂರನೇ ಕಟ್ಟೆಯ ಫೋರ್‌ಮನ್ ಅವರಿಗೆ,

ನಮಸ್ಕಾರ. ತಮಗೆ ಬಂದ ಕಾರ್ಡನ್ನು ಬರೆದವನು ನಾನು. ಅದರಲ್ಲಿರುವ ಮಾತಿನ ಒಡತಿ ನನ್ನ ಮಗಳು. ಶಿಫಾರಸಿಗಾಗಿ ಬರೆಯುತ್ತಿಲ್ಲ. ಒಂದು ಪದದ ಅರ್ಥ ಹೇಳುವುದು ನನ್ನ ಕೆಲಸ, ಅದನ್ನಷ್ಟೇ ಮಾಡುತ್ತೇನೆ.

ಅವಳ ವಾಕ್ಯ 'ಡಾಂಟಿಂಗ್' ಎಂಬ ಪದದ ಕೆಳಗಿದೆ. ಅದನ್ನು ತಾವು 'ಇವಳಿಂದ ಆಗುವುದಿಲ್ಲ' ಎಂದು ಓದಿಕೊಂಡಿರಬಹುದು. ಓದುವವರು ಸಾಮಾನ್ಯವಾಗಿ ಹಾಗೇ ಓದುತ್ತಾರೆ, ನಾನೂ ಮೊದಲು 'ಭಯಂಕರ' ಎಂದೇ ಅರ್ಥ ಬರೆದಿದ್ದೆ. ಆದರೆ ಆ ಪದ ಬಳಕೆಯಾಗುವ ಜಾಗಗಳನ್ನು ಮೂರು ತಿಂಗಳು ಜಾಲಾಡಿದ್ದೇನೆ. ಕೈಬಿಟ್ಟ ಕೆಲಸಕ್ಕೆ ಯಾರೂ ಆ ಪದ ಹೇಳುವುದಿಲ್ಲ. ನಾನು ತಮ್ಮ ಏಣಿಯ ಕೆಳಗೆ ಬಂದು ನಿಂತರೆ ಅದು ನನಗೆ ಬರೀ ಎತ್ತರದ ಕಬ್ಬಿಣ, ಏಕೆಂದರೆ ನಾನು ಅದನ್ನು ಹತ್ತಬೇಕಾಗಿಲ್ಲ. ಹತ್ತುವುದು ನನ್ನ ಪಾಲಿನದು ಎಂದು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಅದು ಎದೆಗುಂದಿಸುತ್ತದೆ. ಮಗಳು ದಿನವೂ ಊಟ ಬಿಟ್ಟು ಅಲ್ಲಿ ಹೋಗಿ ನಿಲ್ಲುತ್ತಾಳೆ.

ತಂದೆಯಾಗಿ ನನಗೆ ಏನು ಬೇಕೆಂದು ಕೇಳಿದರೆ, ಅವಳು ಇನ್ನೆಂದೂ ಹತ್ತದಿರಲಿ ಎನ್ನುತ್ತೇನೆ. ತಾವು ಸುಮ್ಮನಿದ್ದರೆ ನನ್ನ ಆಸೆ ತಾನಾಗಿಯೇ ಈಡೇರುತ್ತದೆ. ಆದರೆ ಪದದ ಅರ್ಥ ಅದಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಅವಳಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ.

ಮಂಡಿ ನೋವೆಂದು ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ತಮ್ಮ ಶಿಕ್ಷೆ ಏನಿದೆಯೋ ಅದನ್ನು ಕೊಡಿ.

ಇತಿ ತಮ್ಮ ವಿಶ್ವಾಸಿ,
ನಿಘಂಟಿನ ಮೇಷ್ಟ್ರು


ಏಪ್ರಿಲ್ ೨

ಮೇಷ್ಟ್ರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ಅರ್ಥವಾಗಲಿಲ್ಲ.

ನಿಘಂಟು ನೋಡಿಕೊಂಡು ಕ್ರೇನ್ ಓಡಿಸಲು ಬರುವುದಿಲ್ಲ. ಹತ್ತನೇ ತಾರೀಖು ಹತ್ತನೇ ತಾರೀಖೇ. ಅದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ.

ಇಪ್ಪತ್ತೆಂಟು ವರ್ಷದಲ್ಲಿ 'ನನಗೆ ಭಯವೇ ಇಲ್ಲ' ಎಂದ ಬಹಳ ಜನರನ್ನು ಕಂಡಿದ್ದೇನೆ. ಅವರಲ್ಲಿ ಇಬ್ಬರನ್ನು ನೆಲದಿಂದ ಎತ್ತಿದವನೂ ನಾನೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಪತ್ರವನ್ನು ನಿಮ್ಮ ಮಗಳಿಗೆ ಓದಲು ಕೊಟ್ಟಿದ್ದೇನೆ. ಕೊಡಬಾರದೆಂದು ನೀವು ಬರೆದಿರಲಿಲ್ಲ.

ಫೋರ್‌ಮನ್


ಏಪ್ರಿಲ್ ೬

ಅಪ್ಪ,

ನೀವು ಫೋರ್‌ಮನ್‌ಗೆ ಬರೆದದ್ದನ್ನು ಗೋದಾಮಿನ ಬಾಗಿಲಲ್ಲಿ ಕೂತು ಓದಿದೆ. ಎರಡು ಲಾರಿಗಳ ನಂಬರ್ ಬರೆದುಕೊಳ್ಳುವುದು ತಪ್ಪಿತು. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಬರೆಯದೆ ಇರುವಷ್ಟು ಉಳಿದಿಲ್ಲ.

ಓದುತ್ತ ಒಂದು ವಿಷಯ ತಿಳಿಯಿತು. ಮಾಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡ ಕೆಲಸವೇ ಎದೆಗುಂದಿಸುವುದು ಎಂದಿದ್ದೀರಿ. ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಕೆಲಸ ಇನ್ನೊಂದಿತ್ತು. ಐದು ತಿಂಗಳಾದರೂ ನಾನು ಸಿಗ್ನಲ್ ಅಣ್ಣನನ್ನು ನೋಡಲು ಹೋಗಿರಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಏಣಿಯ ಕೆಳಗೆ ದಿನಾ ನಿಲ್ಲುತ್ತಿದ್ದೆ, ಅವರ ಬೀದಿಯನ್ನು ಮಾತ್ರ ಸುತ್ತಿ ಬಳಸಿ ಹೋಗುತ್ತಿದ್ದೆ.

ನಿನ್ನೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಟೀ ಲೋಟ ತಂದು ಮೇಜಿನ ಮೇಲೆ ಕುಕ್ಕಿದರು. ಅದು ನ್ಯಾಯವೇ. ಅಣ್ಣ ಕಿಟಕಿಯ ಹತ್ತಿರ ಕಾಲು ಚಾಚಿಕೊಂಡು ಕೂತಿದ್ದರು.

"ಇಲ್ಲಿಗೆ ಬರೋಕೆ ಐದು ತಿಂಗಳು ಬೇಕಾಯ್ತಾ? ನಮ್ಮನೆಗೆ ಇರೋದು ಹದಿನೆಂಟೇ ಮೆಟ್ಲು," ಎಂದರು.

ಅವರೇ ಮುಂದುವರಿಸಿದರು. "ನಿಂದೇನೂ ತಪ್ಪಿಲ್ಲ ಬಿಡು ಅಂತ ನನ್ ಬಾಯಲ್ಲಿ ಕೇಳ್ಬೇಕು ಅಂತ ಬಂದಿದೀಯಾ?"

"ಹೌದು ಅನ್ಸುತ್ತೆ ಅಣ್ಣ," ಎಂದೆ.

"ಹಾಗೆ ಹೇಳಲ್ಲ ಕಣಮ್ಮ. ಗಾಳಿದೂ ಪಾಲಿದೆ, ನಾನು ಹತ್ರ ಬಂದು ನಿಂತಿದ್ದೂ ತಪ್ಪೇ. ಆದ್ರೆ ನಾನು ಕೈ ಎತ್ತಿದ್ ಮೇಲೆ ನೀನು ಎರಡು ಸೆಕೆಂಡ್ ತಡ ಮಾಡಿದೆ. ಅದು ನಿನಗೂ ಗೊತ್ತು, ನನಗೂ ಗೊತ್ತು."

ಗೊತ್ತು, ಅಪ್ಪ. ವಿಚಾರಣೆಯ ಫೈಲಿನಲ್ಲಿ ಅದಿಲ್ಲ. ಯಾರಿಗೂ ಹೇಳಿರಲಿಲ್ಲ, ನಿಮಗೂ ಬರೆಯಲಿಲ್ಲ. ಆ ಎರಡು ಸೆಕೆಂಡು ನಾನು ಹಡಗಿನ ಕಡೆ ನೋಡುತ್ತಿದ್ದೆ. ನಾನು ಅಳತೊಡಗಿದೆ. ಅವರು ಅಳಲು ಬಿಟ್ಟರು, ಸಮಾಧಾನ ಮಾಡಲಿಲ್ಲ. ಆಮೇಲೆ ಹೇಳಿದರು:

"ಜೂನ್‌ಗೆ ನಾನು ಕೆಲಸಕ್ಕೆ ವಾಪಸ್ ಬರ್ತೀನಿ. ಕೆಳಗೆ ನಿಲ್ಲೋದು ನಾನೇ. ಮೇಲೆ ಯಾರು ಕೂರ್ತಾರೆ ಅನ್ನೋದು ಬೇರೆಯವ್ರಿಗೆ ಹೇಗೋ, ನನಗೆ ಪ್ರಾಣದ ವಿಷ್ಯ. ಏನೂ ಆಗಿಲ್ಲದೋರು ಬಂದು ಕೂತ್ರೆ ನನಗೆ ಭಯ. ಆ ಎರಡು ಸೆಕೆಂಡು ಮರೀದೇ ಇರೋರು ಕೂತ್ರೆ, ನಾನು ಧೈರ್ಯವಾಗಿ ನಿಲ್ತೀನಿ."

ಟೀ ತಣ್ಣಗಾಗಿತ್ತು. ಕುಡಿದು ಬಂದೆ. ಹತ್ತನೇ ತಾರೀಖಿಗೆ ಇನ್ನು ನಾಲ್ಕು ದಿನ. ಹತ್ತಲು ಆಗುತ್ತದೋ ಇಲ್ಲವೋ ನನಗೆ ನಿಜವಾಗಿಯೂ ತಿಳಿಯದು.

ನಿಮ್ಮ,
ಮೆಣಸು


ಏಪ್ರಿಲ್ ೧೦

ಅಪ್ಪ,

ಅಮ್ಮನಿಗೂ ಓದಿ ಹೇಳಿ. ಈ ಸಲ ಅವಳು ಗೋಡೆಯನ್ನು ಬಿಟ್ಟು ನಿಮ್ಮ ಜೊತೆಗೇ ಮಾತಾಡಬಹುದು.

ಬೆಳಿಗ್ಗೆ ಒಂಬತ್ತಕ್ಕೆ ಕರೆದರು. ಸುರಕ್ಷತಾ ಅಧಿಕಾರಿ ಕನ್ನಡಕದ ಸಣಕಲು ಮನುಷ್ಯ, ಕೈಯಲ್ಲಿ ಫಾರಂ. ಪಕ್ಕದಲ್ಲಿ ಫೋರ್‌ಮನ್. ಸೊಂಟದ ಪಟ್ಟಿ ಬಿಗಿದುಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಕಾಲು ಎದ್ದಿತು, ಅದಕ್ಕೇ ನನಗೆ ಆಶ್ಚರ್ಯ. ಅರವತ್ತನೇ ಮೆಟ್ಟಿಲಿನವರೆಗೆ ಎಣಿಸುತ್ತ ಹೋದೆ. ಅಲ್ಲಿ ಕೈ ಕಬ್ಬಿಣಕ್ಕೆ ಅಂಟಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೆಳಗಿನಿಂದ ಯಾರೂ ಕೂಗಲಿಲ್ಲ. ಅದು ಫೋರ್‌ಮನ್‌ನ ದಯೆ. ಆ ಎರಡು ಸೆಕೆಂಡನ್ನು ನೆನೆಸಿಕೊಂಡೆ, ಮರೆಯಲು ನೋಡಲಿಲ್ಲ. ಅದನ್ನೂ ಜೊತೆಗೆ ಕರೆದುಕೊಂಡು ಅರವತ್ತೊಂದಕ್ಕೆ ಕಾಲಿಟ್ಟೆ.

ಮೇಲೆ ಹೋಗಿ ಖಾಲಿ ಪೆಟ್ಟಿಗೆಯೊಂದನ್ನು ಎತ್ತಿ, ತಿರುಗಿಸಿ, ಗುರುತು ಹಾಕಿದ ಜಾಗದಲ್ಲಿ ಇಳಿಸಿದೆ. ಕೆಳಗಿದ್ದ ಹೊಸ ಸಿಗ್ನಲ್‌ನವನ ಕೈಯಿಂದ ಒಂದು ಸಲವೂ ಕಣ್ಣು ತೆಗೆಯಲಿಲ್ಲ.

ಇಳಿದು ಬಂದಾಗ ಅಧಿಕಾರಿ ಪೆನ್ನು ತೆಗೆದು, "ಭಯ ಏನಾದ್ರೂ ಆಯ್ತಾ?" ಎಂದು ಕೇಳಿದರು. ಫೋರ್‌ಮನ್ ನೆಲ ನೋಡುತ್ತಿದ್ದ. ಇಲ್ಲ ಎಂದರೆ ಮುಗಿಯುತ್ತಿತ್ತು. ಮಂಡಿ ನೋವು ಎಂದಿದ್ದ ಬಾಯಿಗೆ ಅದೇನು ಕಷ್ಟವೇ?

"ಆಯ್ತು ಸಾರ್," ಎಂದೆ. "ಅರವತ್ತನೇ ಮೆಟ್ಲಲ್ಲಿ ನಿಂತುಬಿಟ್ಟಿದ್ದೆ. ಮತ್ತೆ ನವೆಂಬರ್‌ನಲ್ಲಿ ಸಿಗ್ನಲ್ ಅಣ್ಣ ಕೈ ಎತ್ತಿದಾಗ ನಾನು ಎರಡು ಸೆಕೆಂಡ್ ತಡ ಮಾಡಿದ್ದೆ. ಅದು ನಿಮ್ಮ ಫೈಲಲ್ಲಿಲ್ಲ. ಅದನ್ನೂ ಬರ್ಕೊಳ್ಳಿ."

ಅವರ ಪೆನ್ನು ನಿಂತಿತು. ಫೋರ್‌ಮನ್ ಕಡೆ ನೋಡಿದರು. ಫೋರ್‌ಮನ್ ತಲೆ ಎತ್ತಿ, "ಅವಳು ಹೇಳಿದ ಹಾಗೇ ಬರ್ಕೊಳ್ಳಿ ಸಾರ್. ಬರ್ಕೊಂಡು ಕ್ರೇನ್ ಅವಳಿಗೇ ಕೊಡಿ. ನನ್ ಸಹಿ ನಾನು ಹಾಕ್ತೀನಿ," ಎಂದ.

ಬಹಳ ಹೊತ್ತು ಬರೆದರು. ಎರಡು ತಿಂಗಳು ಗಾಳಿಯ ದಿನ ನನಗೆ ಪಾಳಿಯಿಲ್ಲ. ಸುಳ್ಳು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಪತ್ರ. ಚಾಲನಾ ಪತ್ರ ನನ್ನ ಕೈಯಲ್ಲೇ ಉಳಿಯಿತು.

ಸಂಜೆ ಸಿಗ್ನಲ್ ಅಣ್ಣನ ಮನೆಗೆ ಹೋಗಿ ಹೇಳಿ ಬಂದೆ. ನಾಳೆ ಗಾಳಿ ಇಲ್ಲವಂತೆ. ಬೆಳಿಗ್ಗೆ ಆರರ ಪಾಳಿ ನನ್ನದು.

ನಿಮ್ಮ,
ಮೆಣಸು